ಟ್ಯಾಂಕ್ ದಡಕ್ಕಿಳಿಸಿ ಪೆಟ್ರೋಲ್ ತುಂಬಿ: ನನ್ನ ಅನುಭವ

ನನ್ನದು ಸಣ್ಣ ದೋಣಿ. ಹಿಂಭಾಗದಲ್ಲಿ ಟು ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಕಾಲ ಬಳಿ 24 ಲೀಟರ್ ಹಿಡಿಯುವ ಟ್ಯಾಂಕ್. ಮೊದಲ ವರ್ಷ ಪೆಟ್ರೋಲನ್ನು ದೋಣಿಯೊಳಗೇ ತುಂಬುತ್ತಿದ್ದೆ. ಟ್ಯಾಂಕ್ ಬಿಚ್ಚಿ ದಡಕ್ಕೆ ಹೊರುವುದು ಸುಮ್ನೆ ಕೆಲಸ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಕ್ಯಾನ್ ಬಗ್ಗಿಸಿದ್ದಾಗ ದೋಣಿ ಅಲುಗಿತು. ಒಂದು ಲೋಟದಷ್ಟು ಪೆಟ್ರೋಲ್ ಚೆಲ್ಲಿತು. ಬಟ್ಟೆಯಿಂದ ಒರೆಸಿದೆ, ಹಲಗೆ ಒಣಗಿತು. ಇನ್ನೇನು ಇಂಜಿನ್ ಶುರು ಮಾಡುವ ಹಗ್ಗ ಎಳೆಯಬೇಕು, ಪಕ್ಕದ ದೋಣಿಯ ಅಣ್ಣ ಕೂಗಿದರು: "ತಡಿ, ಹಲಗೆ ಎತ್ತಿ ಮೂಸಿ ನೋಡು." ನಿಂತಿದ್ದಾಗ ನನಗೆ ವಾಸನೆಯೇ ಬಂದಿರಲಿಲ್ಲ. ಹಲಗೆ ಎತ್ತಿ ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ಘಾಟು!

ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಅದು ಗಾಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ರಸ್ತೆಯ ಮೇಲೆ ಚೆಲ್ಲಿದರೆ ಹರಡಿ ಗಾಳಿಗೆ ಹೋಗುತ್ತದೆ. ದೋಣಿ ಹಾಗಲ್ಲ, ಅದೊಂದು ಬಟ್ಟಲು. ಒಳಗೆ ಬಿದ್ದದ್ದು ಅಲ್ಲೇ ಕೂರುತ್ತದೆ, ಕಿಡಿಗೆ ಕಾಯುತ್ತದೆ. ಅಂದು ತಳವನ್ನೆಲ್ಲ ಸ್ಪಂಜಿನಿಂದ ಹೀರಿ, ಹಲಗೆಗಳನ್ನು ತೆಗೆದಿಟ್ಟು, ಗಾಳಿಗೆ ಬಿಟ್ಟು ಕಾದೆವು. ದೋಣಿಯ ತಳದ ನೀರು ಹೊರಹಾಕುವ ಕರೆಂಟಿನ ಪಂಪ್ ಮುಟ್ಟಲು ಅಣ್ಣ ಬಿಡಲಿಲ್ಲ, ಸ್ವಿಚ್ಚಿನ ಕಿಡಿಯೂ ಸಾಕಲ್ವಾ.

ಅಂದಿನಿಂದ ಟ್ಯಾಂಕ್ ದಡಕ್ಕೆ ಇಳಿಯದೆ ಮುಚ್ಚಳ ತೆರೆಯುವುದಿಲ್ಲ. ಅದನ್ನು ನೇರವಾಗಿ ನೆಲದ ಮೇಲೆ ಇಡುತ್ತೇನೆ. ಪ್ಲಾಸ್ಟಿಕ್ ಹಾಳೆ, ಗಾಡಿಯ ಮ್ಯಾಟ್ ಮೇಲೆ ಇಟ್ಟರೆ ಪೆಟ್ರೋಲ್ ಹರಿಯುವಾಗ ಹುಟ್ಟುವ ವಿದ್ಯುತ್ತು ನೆಲಕ್ಕೆ ಇಳಿಯದೆ ಉಳಿದು ಕಿಡಿಯಾಗಬಹುದು. ಬಂಕಿನ ಪೈಪಿನ ಮೂತಿ ಕೊನೆಯವರೆಗೂ ಟ್ಯಾಂಕಿನ ಬಾಯಿಗೆ ತಾಗಿಯೇ ಇರಬೇಕು. ಕಂಠಮಟ್ಟ ತುಂಬಬೇಡಿ. ಹತ್ತು ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಸುಮಾರು ನೂರಕ್ಕೆ ಒಂದು ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 24 ಲೀಟರ್, ಇಪ್ಪತ್ತು ಡಿಗ್ರಿ ಏರಿದರೆ ಹತ್ತಿರ ಹತ್ತಿರ ಅರ್ಧ ಲೀಟರ್ ಜಾಸ್ತಿಯಾಗುತ್ತದೆ. ನಾನು 22ಕ್ಕೆ ನಿಲ್ಲಿಸುತ್ತೇನೆ.

ಆಯಿಲ್ ಬೆರೆಸುವುದೂ ದಡದಲ್ಲೇ. ನನ್ನ ಇಂಜಿನ್‌ಗೆ 50:1, ಅಂದರೆ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಲೀಟರಿಗೆ 20 ಎಂ.ಎಲ್. ನಿಮ್ಮದಕ್ಕೆ ಎಷ್ಟು ಅನ್ನುವುದನ್ನು ಇಂಜಿನ್ ಜೊತೆ ಬಂದ ಪುಸ್ತಕದಲ್ಲೇ ನೋಡಿ. ಹೊಸ ಇಂಜಿನ್ ಪಳಗುವಾಗ ಆಯಿಲ್ ಹೆಚ್ಚು ಬೇಕು. ಕಣ್ಣಳತೆ ಬೇಡ, ಗೆರೆ ಇರುವ ಅಳತೆ ಪಾತ್ರೆ ಇಟ್ಟುಕೊಳ್ಳಿ. ಮೊದಲು ಸ್ವಲ್ಪ ಪೆಟ್ರೋಲ್, ಆಮೇಲೆ ಅಳೆದ ಆಯಿಲ್, ಮುಚ್ಚಳ ಬಿಗಿದು ಅಲುಗಿಸಿ, ನಂತರ ಉಳಿದ ಪೆಟ್ರೋಲ್. ಆಯಿಲ್ ಡಬ್ಬದ ಮೇಲೆ 'ಟಿಸಿ-ಡಬ್ಲ್ಯು3' ಅಂತ ಇರಬೇಕು. ಅದು ನೀರಿನಿಂದ ತಣಿಯುವ ಟು ಸ್ಟ್ರೋಕ್ ಇಂಜಿನ್‌ಗೆಂದೇ ಮಾಡಿದ್ದು. ಬೈಕಿನ ಟು ಸ್ಟ್ರೋಕ್ ಆಯಿಲ್ ಹಾಕಿದರೆ ಒಳಗೆ ಬೂದಿ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಇದ್ದವರು ಪೆಟ್ರೋಲಿಗೆ ಆಯಿಲ್ ಬೆರೆಸುವುದೇ ಇಲ್ಲ.

ಮುಚ್ಚಳದ ಮೇಲಿನ ಗಾಳಿ ತಿರುಪು ನನಗೆ ಒಮ್ಮೆ ಪಾಠ ಕಲಿಸಿದೆ. ನೀರಿನ ನಡುವೆ ಇಂಜಿನ್ ಕೆಮ್ಮಿ ನಿಂತಿತು. ಟ್ಯಾಂಕಿನಿಂದ ಇಂಜಿನ್‌ಗೆ ಹೋಗುವ ಪೈಪಿನಲ್ಲಿ, ಹಿಸುಕಿ ಪೆಟ್ರೋಲ್ ಎಳೆಯುವ ರಬ್ಬರ್ ಬಲ್ಬ್ ಚಪ್ಪಟೆ, ಟ್ಯಾಂಕಿನ ಪಕ್ಕ ಒಳಕ್ಕೆ ಎಳೆದುಕೊಂಡಿದೆ. ತಿರುಪು ಸಡಿಲಿಸಿದ್ದೇ 'ಸುಸ್' ಅಂತ ಗಾಳಿ ಒಳಗೆ ನುಗ್ಗಿತು, ಟ್ಯಾಂಕ್ 'ಟಪ್' ಎಂದು ನೆಟ್ಟಗಾಯಿತು. ಓಡಿಸುವಾಗ ತೆರೆದಿರಬೇಕು, ಹೊತ್ತು ಸಾಗಿಸುವಾಗ ಮುಚ್ಚಿರಬೇಕು. ಬಿಸಿಲಿಗೆ ಟ್ಯಾಂಕ್ ಉಬ್ಬಿದ್ದರೆ ಪೈಪ್ ಸಿಕ್ಕಿಸುವ ಮೊದಲು ತಿರುಪನ್ನು ನಿಧಾನಕ್ಕೆ ಬಿಡಿಸಿ. ಇಲ್ಲದಿದ್ದರೆ ಒತ್ತಡಕ್ಕೆ ಪೆಟ್ರೋಲ್ ತಾನೇ ಇಂಜಿನ್ ಕಡೆ ನುಗ್ಗುತ್ತದೆ.

ಪೈಪನ್ನು ವಾರಕ್ಕೊಮ್ಮೆ ಬೆರಳಲ್ಲಿ ಸವರಿ ನೋಡುತ್ತೇನೆ. ಬಲ್ಬಿನ ಎರಡು ತುದಿಯಲ್ಲಿ ಬಿರುಕು ಬೇಗ ಕಾಣುತ್ತದೆ. ಬೆರಳು ಪೆಟ್ರೋಲ್ ನಾತ ಹೊಡೆದರೆ ಅಂದು ದೋಣಿ ಹೊರಡುವುದಿಲ್ಲ.

ನೀರಿಗೆ ಚೆಲ್ಲಿದಾಗ ಕೆಲವರು ಸೋಪಿನ ನೀರು ಸುರಿಯುತ್ತಾರೆ. ದಯವಿಟ್ಟು ಬೇಡ. ಬಣ್ಣದ ಪೊರೆ ಕಾಣದಾಗುತ್ತದೆ ಅಷ್ಟೇ. ಎಣ್ಣೆ ಸಣ್ಣ ಹನಿಯಾಗಿ ನೀರಿನೊಳಗೆ, ಮೀನು ಇರುವಲ್ಲಿಗೇ ಇಳಿಯುತ್ತದೆ. ತುಂಬುವಾಗ ಟ್ಯಾಂಕಿನ ಬಾಯಿಯ ಸುತ್ತ ಬಟ್ಟೆ ಸುತ್ತಿಕೊಳ್ಳಿ. ಆ ಬಟ್ಟೆಯನ್ನು ದೋಣಿಯ ಮೂಲೆಗೆ ತುರುಕಬೇಡಿ, ಬಯಲಲ್ಲಿ ಹರಡಿ ಒಣಗಿಸಿ.

ಬೆಂಕಿ ಆರಿಸುವ ಸಿಲಿಂಡರ್ ಮೊದಲು ಟ್ಯಾಂಕಿನ ಪಕ್ಕದಲ್ಲೇ ಇತ್ತು. ಬೆಂಕಿ ಹತ್ತಿದರೆ ಟ್ಯಾಂಕಿನ ಹತ್ತಿರವೇ ಹತ್ತುವುದು, ಆಗ ಅಲ್ಲಿಗೆ ಕೈ ಚಾಚುವುದು ಹೇಗೆ? ಈಗ ಅದನ್ನು ದೋಣಿಯ ಮುಂಭಾಗಕ್ಕೆ ಕಟ್ಟಿದ್ದೇನೆ. ಒಳಗಿರುವುದು ಒಣ ಪುಡಿ. ನೀರು ಎರಚಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಇಡೀ ದೋಣಿಗೆ ಹರಡುತ್ತದೆ.