ಎಲಿಫೆಂಟಾಗೆ ಹೋಗೋದಾದರೆ ಮೊದಲ ಬೋಟೇ ಹಿಡಿಯಿರಿ

ಊರಿಂದ ನೆಂಟರು ಬಂದಾಗ ಮುಂಬೈ ಬಳಿಯ ಎಲಿಫೆಂಟಾ ದ್ವೀಪಕ್ಕೆ, ಅಂದರೆ ಘಾರಾಪುರಿಗೆ ಕರೆದೊಯ್ಯುವವರು ಮೊದಲು ವಾರ ನೋಡಿಕೊಳ್ಳಿ: ಸೋಮವಾರ ಗುಹೆ ಬಂದ್. ಗೇಟ್‌ವೇ ಆಫ್ ಇಂಡಿಯಾದಿಂದ ಬೆಳಿಗ್ಗೆ 9ರ ಸುಮಾರಿಗೆ ಬೋಟ್ ಶುರು, ಪ್ರಯಾಣ ಹೆಚ್ಚುಕಡಿಮೆ ಒಂದು ಗಂಟೆ. ಟಿಕೆಟ್ ಕೌಂಟರ್‌ನಲ್ಲೇ ಕೊಳ್ಳಿ. ವಾಪಸ್ಸಿಗೂ ಅದೇ ಚೀಟಿ, ಬಿಸಾಡಬೇಡಿ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಸೆಕೆ ಅಂತ ಬಿಚ್ಚಿಡಬೇಡಿ. ವಾಂತಿ ಬರುವವರು ಮೇಲಿನ ಡೆಕ್ ಬಿಟ್ಟು ಕೆಳಗೆ, ಮಧ್ಯದಲ್ಲಿ ಕೂರಲಿ. ಓಲಾಟ ಅಲ್ಲಿ ಕಮ್ಮಿ. ಮಳೆಗಾಲದಲ್ಲಿ ಕಡಲು ಕೆರಳಿದರೆ ಬೋಟೇ ಇಲ್ಲ.

ದ್ವೀಪದಲ್ಲಿಳಿದ ಮೇಲೆ ಸುಮಾರು 120 ಮೆಟ್ಟಿಲು. ಮಂಡಿನೋವಿನವರು ಜೆಟ್ಟಿಯಿಂದ ಪುಟಾಣಿ ರೈಲು ಹತ್ತಬಹುದು, ಆದರೆ ಅದು ಮೆಟ್ಟಿಲ ಬುಡದವರೆಗೆ ಮಾತ್ರ. ಕೈಯಲ್ಲಿ ಬಿಸ್ಕತ್ತು, ಜ್ಯೂಸ್ ಬಾಟಲಿ ಕಂಡರೆ ಮಂಗಗಳು ಬಿಡೋದಿಲ್ಲ; ಎಲ್ಲಾ ಚೀಲದೊಳಗಿರಲಿ.

ಗೈಡ್ ಜತೆ ದರ, ಸಮಯ ಎರಡನ್ನೂ ಮೊದಲೇ ಮಾತಾಡಿ. ಒಂದನೇ ಗುಹೆಗೇ ಒಂದು ಗಂಟೆ ಬೇಕು, ಉಳಿದವು ಬೇಗ ಮುಗಿಯುತ್ತವೆ. ಬಿಸಿಲಿಂದ ಒಳಹೊಕ್ಕ ತಕ್ಷಣ ಏನೂ ಕಾಣದು. ಎರಡು ನಿಮಿಷ ನಿಂತರೆ ಸುಮಾರು 20 ಅಡಿಯ ತ್ರಿಮೂರ್ತಿ ಶಿವಶಿಲ್ಪದ ಮೂರು ಮುಖವೂ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ: ಎಡದ್ದು ಉಗ್ರ, ನಡುವಿನದು ಶಾಂತ, ಬಲದ್ದು ಸೌಮ್ಯ. ಪುಲಿಕೇಶಿ ಗೆದ್ದನೆಂದು ಐಹೊಳೆ ಶಾಸನ ಹೇಳುವ ‘ಪುರಿ’ ಇದೇ ಅನ್ನುವ ವಿದ್ವಾಂಸರೂ ಇದ್ದಾರೆ, ಗೈಡನ್ನು ಕೆಣಕಿ ನೋಡಿ!

ಕೊನೆಯ ಬೋಟ್‌ನ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿ. ದ್ವೀಪದಲ್ಲಿ ಪ್ರವಾಸಿಗರಿಗೆ ರಾತ್ರಿ ತಂಗಲು ಬಿಡುವುದಿಲ್ಲ.