ಕಾಲು ಟ್ಯಾಂಕ್ ತೋರಿಸುತ್ತಲೇ ನಿಂತ ನನ್ನ ಎಂಜಿಬಿ

ಇಂಗ್ಲೆಂಡಿನ ಅಬಿಂಗ್ಡನ್‌ನಿಂದ ವಿಟ್ನಿಗೆ ಹೋಗುವ ಎ415 ರಸ್ತೆಯಲ್ಲಿ ನನ್ನ 1972ರ ಎಂಜಿಬಿ ಕಾರು ನಿಂತುಬಿಟ್ಟಿತು. ಅದು ತಯಾರಾದ ಅಬಿಂಗ್ಡನ್‌ನಿಂದ ಹೆಚ್ಚು ದೂರವೇನೂ ಬಂದಿರಲಿಲ್ಲ. ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕಿನ ಮೇಲೇ ಇತ್ತು. ಹಿಂಬದಿಯ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಮಾತ್ರ ಬಿಡುವಿಲ್ಲದೆ ಟಿಕ್‌ಟಿಕ್ ಎನ್ನುತ್ತಿತ್ತು. ಪೆಟ್ರೋಲ್ ಸಿಕ್ಕಿದ್ದರೆ ಆ ಪಂಪ್ ಕೆಲವು ಸಲ ಬಡಿದು ಸುಮ್ಮನಾಗುತ್ತದೆ. ಟ್ಯಾಂಕ್ ಬರಿದಾಗಿದೆ ಎಂದು ನನಗೆ ತಿಳಿಸಿದ್ದು ಆ ಸದ್ದೇ.

ಮನೆಗೆ ಬಂದು ಕಾರಿನ ಕೆಳಗೆ ಮಲಗಿದೆ. ಪೆಟ್ರೋಲ್ ಎಷ್ಟಿದೆ ಎಂದು ಮೀಟರ್‌ಗೆ ತಿಳಿಸುವ, ಟ್ಯಾಂಕಿನ ಸೆಂಡರ್‌ಗೆ ಬರುವ, ಕಪ್ಪು ಗೆರೆಯ ಹಸಿರು ತಂತಿಯನ್ನು ಕಳಚಿದೆ. ಹೆಂಡತಿ ಒಳಗೆ ಕುಳಿತು ಮುಳ್ಳು ನೋಡಿ ಹೇಳುತ್ತಿದ್ದಳು: ತಂತಿ ಕಳಚಿದಾಗ ಖಾಲಿ, ಕಾರಿನ ಲೋಹದ ಮೈಗೆ ಕ್ಷಣಕಾಲ ತಾಗಿಸಿದಾಗ ಮುಳ್ಳು ನಿಧಾನವಾಗಿ ಮೇಲಕ್ಕೆ. (ಸೆಂಡರ್ ಬಿಚ್ಚಿ ಟ್ಯಾಂಕ್ ತೆರೆದಿರುವಾಗ ಈ ಪರೀಕ್ಷೆ ಬೇಡವೇ ಬೇಡ, ಒಂದು ಕಿಡಿ ಸಾಕು.) ಮೀಟರ್ ಸರಿಯಿದೆ, ತಪ್ಪು ಸೆಂಡರ್‌ನದೇ ಎಂದು ತೀರ್ಮಾನಿಸಿ ಹೊಸದನ್ನು ತರಿಸಿ ಹಾಕಿದೆ. ಮುಳ್ಳು ಮತ್ತೆ ಹೆಚ್ಚೇ ತೋರಿಸಿತು. ಆ ಪರೀಕ್ಷೆಯಿಂದ ತಂತಿ ತುಂಡಾಗಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ, ಲೆಕ್ಕ ಸರಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತೆಗೆದಿಟ್ಟ ಹಳೆಯ ಸೆಂಡರ್‌ಗೆ ಮಲ್ಟಿಮೀಟರ್ ಹಿಡಿದು ತೇಲುಬುರುಡೆಯನ್ನು ಮೆಲ್ಲನೆ ಎತ್ತಿದೆ. ಅದರ ವಿದ್ಯುತ್ ರೋಧ ಸುಮಾರು 260 ಓಮ್‌ನಿಂದ 20ರ ಆಸುಪಾಸಿಗೆ ಎಲ್ಲಿಯೂ ತಡೆಯದೆ ಇಳಿಯಿತು. ಅದರಲ್ಲಿ ದೋಷವೇ ಇರಲಿಲ್ಲ.

ಆಗ ಒಂದು ಸಂಗತಿ ನೆನಪಾಯಿತು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ತುಸು ಇಳಿಯುತ್ತಿತ್ತು, ವೇಗ ಹಿಡಿದಾಗ ಮತ್ತೆ ಏರುತ್ತಿತ್ತು. ಅಂದರೆ ಅದು ಪೆಟ್ರೋಲಿನ ಜೊತೆಗೆ ವೋಲ್ಟೇಜನ್ನೂ ಅಳೆಯುತ್ತಿತ್ತು!

ಸ್ಮಿತ್ಸ್ ಕಂಪನಿಯ ಈ ಪೆಟ್ರೋಲ್ ಮೀಟರ್‌ನೊಳಗೆ ಎರಡು ಲೋಹ ಬೆಸೆದ ಪಟ್ಟಿಯೊಂದಿದೆ. ಅದಕ್ಕೆ ಸುತ್ತಿದ ತಂತಿ ಕಾದಷ್ಟೂ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಲೆಕ್ಕ ಸರಿಬರಬೇಕಾದರೆ ಅದಕ್ಕೆ ಸರಾಸರಿ 10 ವೋಲ್ಟ್ ಸಿಗಬೇಕು. ಡ್ಯಾಶ್‌ಬೋರ್ಡಿನ ಹಿಂದಿರುವ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಸ್ಟೆಬಿಲೈಜರ್ ಬ್ಯಾಟರಿಯ ವಿದ್ಯುತ್ತನ್ನು ಬಿಟ್ಟು ಬಿಟ್ಟು ಕಳಿಸಿ ಆ ಸರಾಸರಿಯನ್ನು ಕಾಪಾಡುತ್ತದೆ. ಅದರೊಳಗೂ ಅಂಥದೇ ಪಟ್ಟಿ. ಆ ಪಟ್ಟಿ ಬಿಸಿಯಾಗಬೇಕಾದರೆ ಸ್ಟೆಬಿಲೈಜರ್‌ನ ಡಬ್ಬಿಗೆ ಅರ್ತಿಂಗ್, ಅಂದರೆ ಕಾರಿನ ಲೋಹದ ಮೈಯ ಸಂಪರ್ಕ ಬೇಕು. ಅರ್ತಿಂಗ್ ತಪ್ಪಿದರೆ ಪಟ್ಟಿ ಕಾಯುವುದಿಲ್ಲ, ಸಂಪರ್ಕ ಬಿಡುವುದಿಲ್ಲ, ಪೂರ್ತಿ ವೋಲ್ಟೇಜ್ ಮೀಟರ್‌ಗೆ ಹರಿಯುತ್ತದೆ.

ಸ್ಟೆಬಿಲೈಜರ್‌ನಿಂದ ಹೊರಡುವ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಡಿಜಿಟಲ್ ಮೀಟರ್‌ನ ಅಂಕಿಗಳು ಇಲ್ಲಿ ಕುಣಿದು ದಾರಿ ತಪ್ಪಿಸುತ್ತವೆ, ದೀಪವೇ ಲೇಸು. ದೀಪ ಮಿಣುಕದೆ ಒಂದೇ ಸಮನೆ ಉರಿಯಿತು. ಬೇರೊಂದು ತಂತಿಯಿಂದ ಡಬ್ಬಿಯನ್ನು ಕಾರಿನ ಮೈಗೆ ಸೇರಿಸಿ ಕಾದೆ. ಕೆಲವೇ ಕ್ಷಣ; ದೀಪ ಆರಿತು, ಹತ್ತಿತು, ಮತ್ತೆ ಆರಿತು. ಎಷ್ಟು ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆನೋ!

ಬ್ಯಾಟರಿ ಕಳಚಿ ಡಬ್ಬಿಯ ಸ್ಕ್ರೂ ಬಿಚ್ಚಿದರೆ ಅದರಡಿಯಲ್ಲಿ ಕಂದು ತುಕ್ಕು, ಅದರ ಮೇಲೆ ಯಾರೋ ಹಿಂದೆ ಬಳಿದ ಬಣ್ಣ. ಉಪ್ಪುಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದೆ. ಡಬ್ಬಿಯನ್ನು ಮೊದಲಿದ್ದ ದಿಕ್ಕಿನಲ್ಲೇ ಕೂರಿಸಬೇಕು, ತಲೆಕೆಳಗಾಗಬಾರದು.

ಹೊಸ ಸೆಂಡರ್ ಆಮೇಲೂ ತುಂಬಿದ ಟ್ಯಾಂಕಿಗೆ ಮುಕ್ಕಾಲು ಎಂದೇ ತೋರಿಸಿತು. ಟ್ಯಾಂಕ್ ಬರಿದಾಗುವವರೆಗೆ ಓಡಿಸಿ, ಹಳೆಯದನ್ನೇ ಹೊಸ ರಬ್ಬರ್ ರಿಂಗ್ ಜೊತೆ ಹಾಕಿದೆ. ಮತ್ತೆ ಟ್ಯಾಂಕ್ ತುಂಬಿಸಿದ ದಿನ ಮುಳ್ಳು ಅರ್ಧ ನಿಮಿಷ ಮೆಲ್ಲಮೆಲ್ಲನೆ ಏರಿ ಎಫ್ ಗೆರೆಯ ಮೇಲೆ ನಿಂತಿತು.