ಕ್ಲಬ್ಬಿಗೆ ಸೇರೋ ಮೊದಲು ಕ್ಯಾಂಟೀನನ್ನು ಮ್ಯಾಪಿಗೆ ಹಾಕಿ

ಫಸ್ಟ್ ಸೆಮ್‌ನಲ್ಲಿ ನಮ್ಮ ಕಾಲೇಜಿನ ಕೋಡಿಂಗ್ ಕ್ಲಬ್ಬಿನ ಮೀಟಿಂಗಿಗೆ ಹೋಗಿದ್ದೆ. ಸೀನಿಯರ್‌ಗಳು ಇಂಗ್ಲಿಷಿನಲ್ಲಿ ಪಟಪಟ ಮಾತಾಡ್ತಿದ್ದರು. ಕನ್ನಡ ಮೀಡಿಯಮ್ಮಿನವಳು ನಾನು, ಹಿಂದಿನ ಬೆಂಚಲ್ಲಿ ಕೂತು ಸಮೋಸ ತಿಂದು ಎದ್ದು ಬಂದೆ. ಎರಡು ಸೆಮ್ ಆ ಕಡೆ ತಲೆ ಹಾಕಲಿಲ್ಲ.

ನನ್ನನ್ನು ಮತ್ತೆ ಒಳಗೆಳೆದದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು. ತೆರೆದು ನೋಡಿದರೆ ನಮ್ಮ ಕಾಲೇಜಿದ್ದ ಜಾಗದಲ್ಲಿ ಒಂದು ರಸ್ತೆ ಬಿಟ್ಟರೆ ಏನೂ ಇಲ್ಲ! ಕೋಡಿಂಗ್ ಬಾರದಿದ್ದರೇನು, ಕ್ಯಾಂಟೀನ್ ಎಲ್ಲಿದೆ ಅಂತ ನನಗೆ ಗೊತ್ತಿತ್ತಲ್ಲ.

ನೀವೂ ಇಲ್ಲಿಂದಲೇ ಶುರು ಮಾಡಿ. ಅಕೌಂಟ್ ಉಚಿತ. ‘ಎಡಿಟ್’ ಒತ್ತಿದರೆ ಉಪಗ್ರಹ ಚಿತ್ರ ಬರುತ್ತೆ; ಅದರ ಮೇಲೆ ಕಟ್ಟಡದ ನಾಲ್ಕು ಮೂಲೆ ಗುರುತಿಸಿ, ‘ನೇಮ್’ ಟ್ಯಾಗಿನ, ಅಂದರೆ ಹೆಸರಿನ ಖಾನೆಯ ಜೊತೆ ‘ನೇಮ್:ಕೆಎನ್’ (name:kn) ಸೇರಿಸಿ ಕನ್ನಡದ ಹೆಸರು ಬರೆಯಿರಿ. ಸೇವ್ ಮಾಡುವಾಗ ಏನು ಬದಲಿಸಿದಿರಿ ಅಂತ ಒಂದು ಸಾಲು ಹಾಕಿ. ಕೂರಲು ಪುರುಸೊತ್ತಿಲ್ಲವೇ? ಆಂಡ್ರಾಯ್ಡ್ ಫೋನಿಗೆ ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ಈ ರಸ್ತೆ ಟಾರಿನದಾ, ಮಣ್ಣಿನದಾ ಅಂತ ಅದೇ ಕೇಳುತ್ತೆ, ನಡೀತಾ ಉತ್ತರ ಕೊಡಬಹುದು.

ಒಂದು ವಿಷಯ ಮಾತ್ರ ಹುಷಾರು. ನಾನು ಗೂಗಲ್ ಮ್ಯಾಪ್ ನೋಡಿಕೊಂಡು ಗೇಟಿನೆದುರಿನ ಅಂಗಡಿಗಳ ಹೆಸರು ಹಾಕಿದ್ದೆ. ಯಾರೋ ಅಪರಿಚಿತರು ‘ಇದರ ಮೂಲ ಯಾವುದು?’ ಅಂತ ಕೇಳಿದರು. ಹಾಗೆ ನಕಲು ಮಾಡೋ ಹಾಗಿಲ್ಲ, ಲೈಸೆನ್ಸ್ ಒಪ್ಪಲ್ಲ. ನಾಚಿಕೆಯಾಯ್ತು. ಎಲ್ಲ ಅಳಿಸಿ, ಬಿಸಿಲಲ್ಲಿ ನಡೆದು ಒಂದೊಂದೇ ಬೋರ್ಡ್ ಓದಿಕೊಂಡು ಬಂದೆ. ಜೆರಾಕ್ಸ್ ಅಂಗಡಿಯಣ್ಣ ‘ಟ್ಯಾಕ್ಸ್ ಆಫೀಸಿನವರಾ ಮೇಡಂ?’ ಅಂದ.

ಇಷ್ಟಾದ ಮೇಲೆ ಕ್ಲಬ್ಬಿಗೆ ಹೋಗಿ. ‘ನಾನೂ ಸೇರ್ತೀನಿ’ ಅನ್ನೋದಕ್ಕಿಂತ ‘ಇದು ಮಾಡಿದೀನಿ, ಹಾಸ್ಟೆಲ್ ಬ್ಲಾಕ್ ಬಾಕಿ ಇದೆ, ಯಾರು ಬರ್ತೀರಿ?’ ಅಂದರೆ ಜನ ತಿರುಗಿ ನೋಡ್ತಾರೆ. ಕನ್ನಡದಲ್ಲೇ ಕೇಳಿ, ನಾನು ಕೇಳಿದಾಗ ಪಟಪಟ ಇಂಗ್ಲಿಷಿನ ಸೀನಿಯರ್ರೇ ಕನ್ನಡಕ್ಕಿಳಿದರು. ನಿಮ್ಮಲ್ಲಿ ಕ್ಲಬ್ಬೇ ಇಲ್ಲದಿದ್ದರೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರನ್ನು ಕೇಳಿ, ಕಾಲೇಜುಗಳಲ್ಲಿ ‘ಗ್ಲಗ್’ ಅನ್ನೋ ಬಳಗ, ಅಂದರೆ ಲಿನಕ್ಸ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಂ ಬಳಸುವವರ ಗುಂಪು ಕಟ್ಟಿದ ಅನುಭವ ಅವರಿಗಿದೆ.

ಎಲ್ಲರೂ ಲ್ಯಾಬಿನಲ್ಲಿ ಕೂತು ಮ್ಯಾಪ್ ತಿದ್ದುವ ಕಾರ್ಯಕ್ರಮ ನೀವೇ ಇಟ್ಟುಕೊಳ್ಳೋದಾದರೆ ಇಂಟರ್ನಲ್ಸ್ ಮುಗಿದ ಶನಿವಾರ ಆರಿಸಿ. ಎಚ್‌ಒಡಿ ಸಹಿಯ ಲೆಟರ್ ಎರಡು ದಿನ ಮೊದಲೇ ಲ್ಯಾಬ್ ಅಟೆಂಡರ್ ಕೈಗೆ ಕೊಡಿ, ಬೀಗದ ಕೈ ಇರೋದು ಅವರ ಹತ್ತಿರ. ಎಕ್ಸ್‌ಟೆನ್ಷನ್ ಬೋರ್ಡ್ ಹಾಸ್ಟೆಲಿನಿಂದ ತನ್ನಿ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡ್ತಿದ್ದ ಪ್ಲಗ್ ಪಾಯಿಂಟ್ ಎರಡೇ.